ಕೊನೆಯ ಸುತ್ತು ಹಗೂರ ಸುತ್ತು

ಟಿಕೋಟಾ
12 ಜೂನ್ 1977

ಚಿ. ಶರಣುಗೆ,

ಇಲ್ಲಿ ನಾವೆಲ್ಲ ಇದ್ದೇವೆ. ಅಲ್ಲಿ ನೀನಿದ್ದೀಯೋ ಇಲ್ಲವೋ ತಿಳಿಯಲೆಂದು ಈ ಪತ್ರ. ಎರಡು ತಿಂಗಳಿಗೊಮ್ಮೆ ಅರ್ಧ ಹಾಳೆ ಬರೆಯುತ್ತೀ, ಅದರಲ್ಲಿ ಕಾಲುಭಾಗ ನಿನ್ನ ಸಹಿ. ಅದೇನು ಅಂಥ ಕೆಲಸವಪ್ಪ, ಒಬ್ಬಳೇ ಅಕ್ಕನಿಗೆ ನಾಲ್ಕು ಸಾಲು ಬರೆಯಲೂ ಬಿಡುವು ಕೊಡದಂಥದು?

ಶಾಲೆ ಶುರುವಾಯಿತು. ಈ ವರ್ಷವೂ ಎರಡನೆ ಇಯತ್ತೆ ನನಗೇ ಕಟ್ಟಿದ್ದಾರೆ. ಕಾಗುಣಿತ ಕಲಿಸುವುದಕ್ಕೆ ಅಕ್ಕನಾಗಮ್ಮ ಅಕ್ಕೋರೇ ಬೇಕು ಅಂತ ಹೆಡ್ ಮಾಸ್ತರರ ಹಟ. ಮಕ್ಕಳಿಗೆ ನನ್ನನ್ನು ಕಂಡರೆ ಅಂಜಿಕೆ. ಇರಲಿ, ಅಂಜಿಕೆ ಇದ್ದಲ್ಲಿ ದೀರ್ಘ ತಪ್ಪುವುದಿಲ್ಲ.

ಪೀರಾಂಬಿ ವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಬಂದು ಶಾಲೆಯ ಕಟ್ಟೆಯ ಮೇಲೆ ಕೂಡುತ್ತಾಳೆ, ಮಗನಿಗೆ ಪತ್ರ ಬರೆಸಲು. ಗಂಡ ಮಶಾಕಸಾಬ ಹೋದಮೇಲೆ ಬಸ್ ಸ್ಟ್ಯಾಂಡಿನ ಸೈಕಲ್ ಅಂಗಡಿಯೂ ಮುಚ್ಚಿತು, ಈಗ ಅವಳಿಗೆ ಇರುವವನು ಹಸನಸಾಬ ಒಬ್ಬನೇ. ಅವನು ನನ್ನ ಕೈಯಲ್ಲಿ ಅಕ್ಷರ ಕಲಿತವ. ವಿಜಾಪುರದಲ್ಲಿ ಐ.ಟಿ.ಐ. ಮುಗಿಸಿದಾಗ ಅವನನ್ನು ನಿಮ್ಮ ಕೇಂದ್ರದ ಕಾರ್ಖಾನೆಗೆ ಸೇರಿಸೆಂದು ನಿನ್ನ ಬೆನ್ನು ಹತ್ತಿದವಳೂ ನಾನೇ. ಅದಕ್ಕೆ ಕೇಳುತ್ತೇನೆ: ಹುಡುಗ ಹೇಗಿದ್ದಾನೆ?

ಮೊನ್ನೆ ಅವಳು ಹೇಳಿದಳು: "ಅಕ್ಕೋರ, ಬರೀರಿ. ಹೊತ್ತಿಗೆ ಸರಿಯಾಗಿ ಉಣ್ಣು ಅಂತ ಬರೀರಿ. ಮಿಶಿನ್ ಮುಂದ ಹಗೂರ ಕೆಲಸ ಮಾಡು ಅಂತ ಬರೀರಿ." ನಾನು 'ಯಂತ್ರದ ಮುಂದೆ ನಿಧಾನವಾಗಿ ಕೆಲಸ ಮಾಡು' ಎಂದು ಬರೆದು ಓದಿದೆ. "ನಾ ಹಗೂರ ಅಂದ್ನೆಲ್ರಿ?" ಎಂದಳು. "ಎರಡೂ ಒಂದ ಬೇ. ಪತ್ರದಾಗ ಹಿಂಗ ಬರೀಬೇಕು" ಎಂದೆ. ಒಪ್ಪಿಕೊಂಡಳು, ಪಾಪ. ಆಡುವ ಮಾತನ್ನು ಆಡಿದಂತೆಯೇ ಬರೆಯುತ್ತ ಹೋದರೆ ನಾನು ಶಾಲೆಯಲ್ಲಿ ಕಲಿಸುವುದಾದರೂ ಏನನ್ನು?

ಉತ್ತರ ಬರೆ. ಸಹಿ ಸಣ್ಣದಾಗಿರಲಿ.

ನಿನ್ನ ಅಕ್ಕ

*

ಕೇಂದ್ರದ ವಸತಿ
3 ಜುಲೈ 1977

ಅಕ್ಕ,

ಬೈಗುಳ ತಲುಪಿತು, ನಮಸ್ಕಾರ. ನಾನು ಇದ್ದೇನೆ.

ಏನು ಕೆಲಸವೆಂದು ಕೇಳಿದ್ದೀಯ. ನಾವು ಕಟ್ಟುತ್ತಿರುವುದು ಸಣ್ಣ ರಾಕೆಟ್. ಒಂದರ ಮೇಲೊಂದು ನಾಲ್ಕು ಹಂತ. ಕೆಳಗಿನ ಮೂರು ಉರಿದು ಕಳಚಿ ಬೀಳುತ್ತವೆ. ನಾಲ್ಕನೆಯದು ನನ್ನದು. ಅದು ಬೀಳುವುದಿಲ್ಲ, ಉಪಗ್ರಹವನ್ನು ಹೊತ್ತು ಕಕ್ಷೆಯವರೆಗೆ ತಾನೂ ಹೋಗುತ್ತದೆ. ಅದಕ್ಕೇ ಅದರ ತೂಕ ಎಲ್ಲರ ಕಣ್ಣಿಗೆ ಚುಚ್ಚುತ್ತದೆ. ಅವ್ವ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳಲ್ಲ, ಬುಟ್ಟಿಯೇ ಭಾರವಾದರೆ ರೊಟ್ಟಿ ಎಷ್ಟು ಇಟ್ಟಾಳು? ಕೆಳಗಿನ ಹಂತದಲ್ಲಿ ಹತ್ತು ಕಿಲೋ ಕಡಿಮೆ ಮಾಡಿದರೂ ಉಪಗ್ರಹಕ್ಕೆ ದಕ್ಕುವುದು ಒಂದು ಕಿಲೋ ಅಷ್ಟೇ. ನನ್ನ ಹಂತದಲ್ಲಿ ಒಂದು ಕಿಲೋ ಉಳಿದರೆ ಆ ಇಡೀ ಕಿಲೋ ಉಪಗ್ರಹದ್ದು. ಹೀಗಾಗಿ ಉಪಗ್ರಹದವರು ದಿನವೂ ನನ್ನ ಬಾಗಿಲಿಗೆ ಬರುತ್ತಾರೆ.

ಇಂಧನ ತುಂಬುವ ಗಡಿಗೆಗೆ ನಾವು ಕೇಸು ಅನ್ನುತ್ತೇವೆ. ಲೋಹದ್ದಲ್ಲ. ಗಾಜಿನ ನೂಲನ್ನು ಅಂಟಿನಲ್ಲಿ ಅದ್ದಿ ಅಚ್ಚಿನ ಮೇಲೆ ಪದರ ಪದರವಾಗಿ ಸುತ್ತುವುದು. ಹಸನ ಆ ಯಂತ್ರದ ಮೇಲೆ ಇದ್ದಾನೆ. ಅವನ ಕೈ ಒಳ್ಳೆಯದು, ಆದರೆ ಪ್ರಶ್ನೆ ಬಹಳ ಕೇಳುತ್ತಾನೆ. ಮೇಲ್ವಿಚಾರಕರಿಗೆ ಅದು ಸೇರುವುದಿಲ್ಲ. ಒಟ್ಟಿನಲ್ಲಿ ಕೇಸು ಎಷ್ಟು ಹಗೂರವಾದರೆ ಅಷ್ಟು ದೊಡ್ಡ ಉಪಗ್ರಹ. ಇಲ್ಲಿ ಕನ್ನಡದವರು ನಾವಿಬ್ಬರೇ, ಆದರೆ ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಅದೊಂದೇ ಜಪ ಮಾಡುತ್ತಾರೆ. ನಾನೂ ಹಸನನಿಗೆ ಬೆಳಗಾದರೆ ಅದನ್ನೇ ಹೇಳುತ್ತೇನೆ.

ಸಹಿ ಸಣ್ಣದು ಮಾಡಿದ್ದೇನೆ.

ಶರಣು

*

ಟಿಕೋಟಾ
24 ಜುಲೈ 1977

ಚಿ. ಶರಣುಗೆ,

ಎರಡು ಹಾಳೆ! ನಿನ್ನ ಭಾವನವರಿಗೆ ತೋರಿಸಿದೆ. ಬುತ್ತಿಯ ಮಾತು ಓದಿ ಅವ್ವ ನೆನಪಾಗಿ ಅತ್ತೆ. ಆಮೇಲೆ ಕೆಂಪು ಮಸಿ ತೆಗೆದುಕೊಂಡೆ.

ಲೇ ತಮ್ಮಾ, ಅಷ್ಟೆಲ್ಲ ಓದಿದವನು 'ಹಗೂರವಾದರೆ' ಎಂದು ಬರೆಯುತ್ತೀಯಲ್ಲ. ಭಾರಕ್ಕೆ ಎದುರಾದದ್ದು ಹಗುರ. ಹ್ರಸ್ವ. ಹಗೂರ ಅಂದರೆ ಅವ್ವ ಎಮ್ಮೆ ಹಿಂಡುವಾಗ ನಮಗೆ "ಹಗೂರ ಬರ್ರಿ, ಬೆದರತೈತಿ" ಅನ್ನುತ್ತಿದ್ದಳಲ್ಲ, ಆ ನಿಧಾನದ ಮಾತು. ಅದು ಮನೆಯೊಳಗಿನ ಮಾತು, ಬರವಣಿಗೆಯದಲ್ಲ. ಚಿಕ್ಕಂದಿನಲ್ಲೂ ನೀನು ಕಂಡಕಂಡಲ್ಲಿ ದೀರ್ಘ ಎಳೆಯುತ್ತಿದ್ದೆ. ನಿನ್ನ ರಾಕೆಟ್ಟಿನಲ್ಲಿ ಇಂಥ ತಪ್ಪು ಮಾಡಬೇಡ.

ಸುದ್ದಿ ಕೇಳು. ಹಸನನಿಗೆ ಹೆಣ್ಣು ಗೊತ್ತಾಯಿತು. ಬಬಲೇಶ್ವರದ ಗೈಬುಸಾಬನ ಮಗಳು ಜುಲೇಖಾ. ಪೀರಾಂಬಿಯ ಜೊತೆ ನಾನೂ ಬಸ್ಸು ಹತ್ತಿ ಹೋಗಿ ನೋಡಿ ಬಂದೆ. ಹುಡುಗಿ ನಾಲ್ಕನೆ ಇಯತ್ತೆ ಓದಿದ್ದಾಳೆ. ನಾನು ಬಿಡುತ್ತೇನೆಯೆ? ಹೆಸರು ಬರೆಸಿದೆ, ತಪ್ಪಿಲ್ಲದೆ ಬರೆದಳು. ಬಕ್ರೀದ್ ಆದ ಮೇಲೆ, ಮೊಹರಂ ಚಂದ್ರ ಕಾಣುವುದರೊಳಗೆ ಮದುವೆ. ಪೀರಾಂಬಿ ಈಗಲೇ ಗೋಡೆಗೆ ಸುಣ್ಣ ಹಚ್ಚಲು ನಿಂತಿದ್ದಾಳೆ.

ಹಸನ ಪ್ರಶ್ನೆ ಬಹಳ ಕೇಳುತ್ತಾನೆಂದು ನೀನು ಬರೆದದ್ದು ನನ್ನ ಮನಸ್ಸಿಗೆ ಹತ್ತಿತು. ಮದುವೆಯ ಹೊಸ್ತಿಲಲ್ಲಿ ನಿಂತವನು ಕೆಲಸ ಕಳೆದುಕೊಂಡರೆ? ಅವನಿಗೆ ಖಡಕ್ಕಾಗಿ ಬರೆದಿದ್ದೇನೆ: ಸಾಹೇಬರು ಒಂದು ಮಾತು ಹೇಳಿದರೆ ಮಾಡು, ಎರಡನೆ ಸಲ ಕೇಳಬೇಡ ಎಂದು.

ನಿನ್ನ ಅಕ್ಕ

*

ಬೆಂಗಳೂರು
19 ಆಗಸ್ಟ್ 1977

ಅಕ್ಕ,

ವಿಳಾಸ ಬದಲಾಗಿದೆ, ನೋಡಿಕೋ. ಉಪಗ್ರಹದವರ ಜೊತೆ ಕೂತು ಲೆಕ್ಕ ಸರಿಮಾಡಲು ನನ್ನನ್ನು ಮೂರು ತಿಂಗಳು ಇಲ್ಲಿಗೆ ಕಳಿಸಿದ್ದಾರೆ. ಹಸನ ಅಲ್ಲೇ ಇದ್ದಾನೆ.

ನನಗೆ ಇಲ್ಲಿ ಕೂತಲ್ಲಿ ಕೂಡಲಾಗುತ್ತಿಲ್ಲ. ನನ್ನ ಹಂತ ಲೆಕ್ಕಕ್ಕಿಂತ ಭಾರ ಬಂದಿದೆ. ಹೆಚ್ಚೇನಲ್ಲ, ಒಂದೂವರೆ ಕಿಲೋ. ಮೇಜಿನ ಆಚೆ ಕೂತವರು ಆ ಒಂದೂವರೆ ಕಿಲೋದಲ್ಲಿ ತಮ್ಮ ಯಾವ ಉಪಕರಣ ಕಿತ್ತುಹಾಕಬೇಕೆಂದು ದಿನವೂ ಕೇಳುತ್ತಾರೆ. ಅತ್ತ ಕಾರ್ಖಾನೆಯಲ್ಲಿ ಮೇಲ್ವಿಚಾರಕರು ದಿನಾಂಕ ಮುಟ್ಟಿಸಲು ಯಂತ್ರದ ವೇಗ ಏರಿಸಿದ್ದಾರಂತೆ. ವರದಿಯಲ್ಲಿ ಇದನ್ನು ಬರೆದಿಲ್ಲ, ಬಂದವರೊಬ್ಬರು ಬಾಯಲ್ಲಿ ಹೇಳಿದರು.

ಒಂದು ಉಪಕಾರ ಮಾಡು. ಯಂತ್ರ ಹೀಗೆ ಓಡಿಸು ಎಂದು ಕೆಲಸಗಾರರಿಗೆ ನಾನು ನೇರವಾಗಿ ಆದೇಶ ಕೊಡುವಂತಿಲ್ಲ. ಹೇಳುವುದೆಲ್ಲ ಇಂಗ್ಲಿಷಿನಲ್ಲಿ, ಮೇಲ್ವಿಚಾರಕರ ಮುಖಾಂತರ. ಹಿಂದೆ ಒಮ್ಮೆ ಹಸನನಿಗೆ ಚೀಟಿ ಕೊಟ್ಟಿದ್ದಕ್ಕೆ ದೊಡ್ಡ ರಂಪವಾಯಿತು. ನೀನು ಹೇಗೂ ಪೀರಾಂಬಿಯ ಪತ್ರ ಬರೆಯುತ್ತೀಯಲ್ಲ, ಅದರ ಕೊನೆಗೆ ನನ್ನದೊಂದು ಸಾಲು ಸೇರಿಸು:

ಕೊನೆಯ ಸುತ್ತು ಹಗೂರ ಸುತ್ತು.

ಇಷ್ಟೇ ಸಾಕು, ಅವನಿಗೆ ತಿಳಿಯುತ್ತದೆ. ಯಾಕೆಂದು ಕೇಳಬೇಡ. ಇದನ್ನು ಯಾರ ಮುಂದೆಯೂ ಆಡುವುದೂ ಬೇಡ.

ಶರಣು

*

ಟಿಕೋಟಾ
2 ಸೆಪ್ಟೆಂಬರ್ 1977

ಚಿ. ಶರಣುಗೆ,

ನಿನ್ನ ಕಳ್ಳಸಾಗಣೆ ಆಯಿತು. ಪೀರಾಂಬಿ ರೋಜಾ ಉಪವಾಸದ ಬಾಯಾರಿಕೆಯಲ್ಲೂ ಬಂದಿದ್ದಳು, ಅವಳ ಮಾತೆಲ್ಲ ಮುಗಿದ ಮೇಲೆ ನಿನ್ನ ಸಾಲನ್ನು ಎಂದಿನಂತೆ ತಿದ್ದಿ ಸೇರಿಸಿದೆ. ಒಂದು ಸಲ ಹೇಳಿಕೊಟ್ಟರೂ ನಿನಗೆ ತಲೆಗೆ ಹೋಗುವುದಿಲ್ಲ. ನನ್ನ ವರ್ಗದಲ್ಲಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

"ಸಾಹೇಬ್ರದೂ ಒಂದ್ ಮಾತೈತೇನ್ರಿ ಇದರಾಗ?" ಎಂದು ಪೀರಾಂಬಿಗೆ ಹಿಗ್ಗು. ಏನೆಂದು ಕೇಳಿದಳು. ಕೆಲಸದ ಮಾತು ಎಂದೆ. ಲಕೋಟೆಯನ್ನು ಕಣ್ಣಿಗೆ ಒತ್ತಿಕೊಂಡು ತಾನೇ ಒಯ್ದು ಡಬ್ಬಿಗೆ ಹಾಕಿದಳು.

ನೀನು ನಡುವೆ ಏನೋ ನುಂಗಿಕೊಂಡು ಬರೆಯುತ್ತಿದ್ದೀಯ ಅನಿಸುತ್ತದೆ. ಮೈಯಲ್ಲಿ ಹುಷಾರಿದ್ದೀಯಾ?

ಅಕ್ಕ

*

ಬೆಂಗಳೂರು
9 ಅಕ್ಟೋಬರ್ 1977

ಅಕ್ಕ,

ಉತ್ತರ ತಡವಾಯಿತು. ನಿನ್ನ ಪತ್ರ ಬಂದ ದಿನ ಉಪಗ್ರಹದವರ ಜೊತೆ ಜಗಳದಲ್ಲಿದ್ದೆ, ಮೇಲೆ ಮೇಲೆ ಕಣ್ಣಾಡಿಸಿ ಇಟ್ಟುಬಿಟ್ಟೆ. ಬೇಸರ ಮಾಡಿಕೋಬೇಡ. ಇವತ್ತು ಒಳ್ಳೆಯ ಸುದ್ದಿಯಿದೆ. ಹೊಸ ಕೇಸು ತಯಾರಾಗಿದೆ, ತೂಕ ಇಳಿದಿದೆ. ನಾವು ಬೇಡುತ್ತಿದ್ದ ಒಂದೂವರೆ ಕಿಲೋ ಹೆಚ್ಚುಕಡಿಮೆ ಪೂರ್ತಿ ಇಳಿದಿದೆ! ಉಪಗ್ರಹದವರು ಎದ್ದು ಬಂದು ನನ್ನ ಕೈ ಕುಲುಕಿದರು. ಮೇಲ್ವಿಚಾರಕರು ವರದಿಯಲ್ಲಿ ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದಾರೆ. ತಟ್ಟಿಕೊಳ್ಳಲಿ. ಯಾರ ಕೈ ಎಂದು ನನಗೆ ಗೊತ್ತು.

ವರದಿ ಓದಿದಾಗ ಒಂದು ಗಳಿಗೆ ನಾನೂ ತಡೆದೆ. ಸರಿಯಾಗಿ ಸುತ್ತಿದರೆ ಹೆಚ್ಚಿನ ಅಂಟು ಹಿಂಡಿ ಹೊರಬೀಳುತ್ತದೆ, ತೂಕ ಸ್ವಲ್ಪ ಇಳಿಯುತ್ತದೆ, ಅದು ನನ್ನ ಲೆಕ್ಕದಲ್ಲೇ ಇತ್ತು. ಇಷ್ಟು ಇಳಿದೀತೆಂದು ಎಣಿಸಿರಲಿಲ್ಲ. ಆದರೆ ಎಲ್ಲ ಪದರ ನಕ್ಷೆಯ ಪ್ರಕಾರ ಇವೆ ಎಂದು ಸಹಿ ಬಿದ್ದಿದೆ. ಬಂದ ಒಳ್ಳೆಯದನ್ನು ಕೆದಕುತ್ತ ಕೂಡುವ ಮನಸ್ಸಾಗಲಿಲ್ಲ.

ನೀರು ತುಂಬಿ ಒತ್ತಡ ಕೊಡುವ ಪರೀಕ್ಷೆಯೂ ಆಯಿತು. ಪಾಸು. ಒತ್ತಡ ಏರುವಾಗ ಕಟಕಟ ಸಪ್ಪಳ ಬಂತಂತೆ. ಹೊಸ ಅಂಟು ಮೊದಲ ಸಲ ಬಿಗಿದಾಗ ಹಾಗೆ ಸಪ್ಪಳವಾಗುವುದುಂಟು.

ಇನ್ನು ಗಾಳಿಯ ಪರೀಕ್ಷೆ ಉಳಿದಿದೆ, ನವೆಂಬರ್ ನಡುವಿಗೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ. ಗಾಳಿ ತುಂಬಿ ನಿಲ್ಲಿಸಿ, ಒಬ್ಬನು ಹತ್ತಿರ ಹೋಗಿ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡುತ್ತಾನೆ. ಹಸನನ ಹೆಸರು ನಾನೇ ಸೂಚಿಸಿದೆ, ಸೈಕಲ್ ಅಂಗಡಿಯ ಮಗನಲ್ಲವೆ? ಪೀರಾಂಬಿಗೆ ಹೇಳು, ಅದು ಮುಗಿದ ಮೂರನೆ ದಿನ ಮದುಮಗ ರೈಲು ಹತ್ತುತ್ತಾನೆ.

ಶರಣು

*

ಟಿಕೋಟಾ
8 ನವೆಂಬರ್ 1977

ಚಿ. ಶರಣುಗೆ,

ಹಬ್ಬದ ಉಂಡಿ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ.

ಹಸನನ ಪತ್ರ ಬಂದು ಆಗಲೇ ಒಂದು ವಾರವಾಯಿತು. ತಾಯಿಗೆ ಬರೆದದ್ದನ್ನೆಲ್ಲ ಓದಿ ಹೇಳಿದೆ. ಕೆಳಗೆ ನನಗೊಂದು ಒಕ್ಕಣೆ ಇತ್ತು. ಅವನ ಮಾತಿನಲ್ಲೇ ಇಳಿಸುತ್ತೇನೆ: "ಅಕ್ಕೋರ, ಸಾಹೇಬ್ರ ಮಾತು ಓದಿ ಎರಡ ದಿನ ವಿಚಾರ ಮಾಡಿದೆ. ಕೇಳೂನು ಅಂದ್ರ ಸಾಹೇಬ್ರು ಇಲ್ಲಿಲ್ಲ, ಕೇಳಬ್ಯಾಡ ಅಂತ ನೀವೂ ಬರದಿದ್ರಿ. ನಿಮ್ಮ ಕೈಲೆ ಬರದದ್ದು ಅಂದಮ್ಯಾಲ ಅಕ್ಷರ ತಪ್ಪಿರೂದಿಲ್ಲ ಅಂತ ಧೈರ್ಯ ಮಾಡಿ ಹಂಗ ಮಾಡೇನಿ. ಯಾರಿಗೂ ಗೊತ್ತಿಲ್ಲ."

ಮೊದಲು ಓದಿದಾಗ ಹೆಮ್ಮೆಯಾಯಿತು. ನಿನ್ನ ಭಾವನವರಿಗೂ ಓದಿ ತೋರಿಸಿದೆ. ಇವತ್ತು ಉಂಡಿ ಕಟ್ಟುತ್ತ ಕೂತಾಗ ಅದು ಮತ್ತೆ ತಲೆಗೆ ಬಂತು. ಎರಡು ದಿನ ವಿಚಾರ ಮಾಡುವಂಥದು ಅದರಲ್ಲಿ ಏನಿತ್ತು? ಧೈರ್ಯ ಯಾಕೆ ಬೇಕಾಯಿತು?

ಕೈ ತೊಳೆದುಕೊಂಡು ನಿನ್ನ ಆಗಸ್ಟಿನ ಪತ್ರ ತೆಗೆದೆ. ನೀನು ಬರೆದಿರುವುದು 'ಹಗೂರ ಸುತ್ತು'. ನಾನು ಬರೆದದ್ದು 'ಹಗುರ ಸುತ್ತು'. ನೀನು ಅಡಿಯಿಂದ ಮುಡಿಯವರೆಗೆ ತೂಕದ ಮಾತೇ ಆಡುವವನು, ಹಿಂದೆಯೂ ಇದೇ ತಪ್ಪು ಮಾಡಿದ್ದೆ, ಆದ್ದರಿಂದ ತಿದ್ದಿದೆ. ತಿದ್ದಿದ್ದು ಸರಿಯೇ ತಾನೆ? ಸರಿಯೇ ಇರಬೇಕು. ತೂಕ ಇಳಿದು ಎಲ್ಲರೂ ನಿನ್ನ ಕೈ ಕುಲುಕಿದ್ದಾರಲ್ಲ.

ಆದರೂ ಪೋಸ್ಟಿನವರೆಗೆ ನಡೆದು ಹೋದೆ, ತಾರು ಕಳಿಸೋಣವೆಂದು. ಫಾರ್ಮು ಕೈಗೆ ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು? ಒಂದು ದೀರ್ಘದ ಸಲುವಾಗಿ ಅಕ್ಕೋರು ತಾರು ಕಳಿಸಿದರೆಂದು ಪೋಸ್ಟ್ ಮಾಸ್ತರರು ಊರಿಗೆಲ್ಲ ಹೇಳಿಕೊಂಡು ನಗುತ್ತಾರೆ. ನಾಚಿಕೆಯಾಗಿ ವಾಪಸ್ ಬಂದು ಈ ಪತ್ರ ಬರೆಯುತ್ತಿದ್ದೇನೆ.

ಆ ಕಟಕಟ ಸಪ್ಪಳದ ಮಾತೂ ನನಗೆ ಸೇರಲಿಲ್ಲ. ಹೊರಸು-ಮಂಚದ ಹಗ್ಗ ಹರಿಯುವ ಮುಂಚೆ ಹಾಗೆಯೇ ಸಪ್ಪಳ ಮಾಡುತ್ತದೆ.

ಪತ್ರ ಮುಟ್ಟಿದ ಕೂಡಲೇ ಉತ್ತರ ಬರೆ.

ಅಕ್ಕ

*

ಕೇಂದ್ರದ ವಸತಿ
14 ನವೆಂಬರ್ 1977, ಬೆಳಿಗ್ಗೆ

ಅಕ್ಕ,

ಗಾಳಿಯ ಪರೀಕ್ಷೆಗೆಂದು ಹತ್ತನೇ ತಾರೀಖಿಗೇ ಬೆಂಗಳೂರು ಬಿಟ್ಟು ಬಂದೆ. ನೀನು ಅಲ್ಲಿಗೆ ಬರೆದಿದ್ದರೆ ಅದು ಅಲ್ಲಿಯೇ ಕಾಯುತ್ತಿರುತ್ತದೆ.

ಇಲ್ಲಿ ಕಡಲಿನಿಂದ ಜೋರು ಗಾಳಿ. ಕೇಸು ನೋಡಿದೆ. ನುಣುಪಾಗಿ, ಕನ್ನಡಿಯ ಹಾಗೆ ಸುತ್ತಿದ್ದಾನೆ. ಕೈಯಾಡಿಸಿ ಸಂತೋಷಪಟ್ಟೆ.

ಹಸನನನ್ನು ಶೆಡ್ಡಿನ ಬಾಗಿಲಲ್ಲಿ ಕಂಡೆ. ಮದುವೆಗೆಂದು ಮೀಸೆ ಕತ್ತರಿಸಿಕೊಂಡಿದ್ದಾನೆ. "ನಾ ಬರಸಿದ್ದು ಮಾಡಿದೇನಲೇ?" ಎಂದೆ, ಮೆಲ್ಲಗೆ. "ಮಾಡೇನ್ರಿ ಸಾಹೇಬ್ರ. ಯಾರ ಮುಂದೂ ಬಾಯಿ ಬಿಟ್ಟಿಲ್ಲ" ಎಂದ. "ಶಹಬ್ಬಾಸ್" ಎಂದೆ. ಅವನು ಹೋಗಲಿಲ್ಲ. "ಸಾಹೇಬ್ರ, ಒಂದ್ ಮಾತು ಕೇಳಬೇಕಂತ ಮಾಡೇನಿ" ಎಂದ. ಅಷ್ಟರಲ್ಲಿ ಮೇಲ್ವಿಚಾರಕರು ಬಂದರು. ಅವರ ಮುಂದೆ ನಾವಿಬ್ಬರೂ ಕನ್ನಡ ಆಡುವಂತಿಲ್ಲ. "ಪರೀಕ್ಷಾ ಮುಗೀಲಿ, ಆಮ್ಯಾಲ ಕೇಳು" ಎಂದು ಬೆನ್ನು ತಟ್ಟಿ ಕಳಿಸಿದೆ. ಮದುವೆಯ ಖರ್ಚಿನ ಮಾತಿರಬೇಕು, ಸಂಕೋಚದ ಹುಡುಗ.

ಒತ್ತಡ ಬಹಳ ಏರಿಸುವುದಿಲ್ಲ, ಹತ್ತಿರ ಮನುಷ್ಯ ನಿಲ್ಲುತ್ತಾನಲ್ಲ. ಎಲ್ಲ ಪದರ ಇದ್ದರೆ ಅದರ ದುಪ್ಪಟ್ಟನ್ನೂ ತಡೆಯುತ್ತದೆ. ಆ ಲೆಕ್ಕ ನಾನೇ ಹಾಕಿದ್ದು, ಮೂರು ಸಲ ನೋಡಿದ್ದೇನೆ.

ಗಂಟೆ ಹೊಡೆಯಿತು. ಕರೆಯುತ್ತಿದ್ದಾರೆ. ಉಳಿದದ್ದನ್ನು ಮುಗಿಸಿ ಬಂದು

*

ಟಿಕೋಟಾ
1 ಡಿಸೆಂಬರ್ 1977

ಶರಣು,

ನಿನ್ನ ಅರ್ಧ ಪತ್ರ ಬಂತು. ಅದು ಬರುವ ಮೊದಲೇ ಹಸನ ಬಂದಿದ್ದ, ನಿಮ್ಮ ಕೇಂದ್ರದ ಜೀಪಿನಲ್ಲಿ. ಪೆಟ್ಟಿಗೆಗೆ ಮೊಳೆ ಹೊಡೆದಿದ್ದರು. ಪೀರಾಂಬಿ ಮುಖ ತೋರಿಸಿರೆಂದಳು. ಜೊತೆಗೆ ಬಂದವರು ಬೇಡವೆಂದು ತಲೆಯಾಡಿಸಿದರು. ಬಬಲೇಶ್ವರದಿಂದ ಗೈಬುಸಾಬ ಬಂದು ಗೋರಿಗೆ ಮಣ್ಣು ಹಾಕಿ ಹೋದ. ಸುಣ್ಣ ಹಚ್ಚಿದ ಗೋಡೆ ಹಾಗೇ ಇದೆ. ಬಕ್ರೀದಿನ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ನೀನು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಊರು ಕೇಳುತ್ತದೆ, ನಾನು ಕೇಳುವುದಿಲ್ಲ. ನಾನು ಕೇಳುವುದು ಬೇರೆ. ಬೆಂಗಳೂರಿಗೆ ಬರೆದ ನನ್ನ ಪತ್ರ ನಿನ್ನ ಕೈಗೆ ಬಂದಿರಬೇಕು. ನಿನ್ನ ಸಾಲು ಯಾವುದಾಗಿತ್ತು? ಬೇರೇನೂ ಬರೆಯಬೇಡ. ಆ ಒಂದು ಶಬ್ದ ಬರೆ.

ನನಗೆ ಮಕ್ಕಳ ಪಾಟಿ ಹಿಡಿದು ತಿದ್ದಲು ಕೈ ಬರುತ್ತಿಲ್ಲ.

ಅಕ್ಕನಾಗಮ್ಮ

*

ಕೇಂದ್ರದ ವಸತಿ
15 ಜನವರಿ 1978

ಅಕ್ಕ,

ಹಗೂರ. ನಿಧಾನ.

ಯಂತ್ರವನ್ನು ನಿಧಾನ ಓಡಿಸಲಿ, ನೂಲು ಬಿಗಿಯಾಗಿ ಕೂಡಲಿ, ಕೇಸು ಗಟ್ಟಿಯಾಗಲಿ ಎಂದು ಹೇಳಿಸಿದ್ದು. ಅವನು ಕೊನೆಯ ಸುತ್ತಿನಲ್ಲಿ ಒಂದು ಪದರವನ್ನೇ ಬಿಟ್ಟು ಹಗುರ ಮಾಡಿದ್ದ. ನನ್ನ ಸಲುವಾಗಿ. ಶೆಡ್ಡಿನ ಬಾಗಿಲಲ್ಲಿ ಅವನು ಕೇಳಬೇಕೆಂದಿದ್ದು ಅದನ್ನೇ, ನಾನು ಬೆನ್ನು ತಟ್ಟಿ ಒಳಗೆ ಕಳಿಸಿದೆ. ಕುಂಚ ಹಿಡಿದು ಅವನು ಬಗ್ಗಿದ್ದು ಕಿಟಕಿಯ ಗಾಜಿನಿಂದ ಕಾಣಿಸುತ್ತಿತ್ತು. ನೀರಿನ ಪರೀಕ್ಷೆಯಲ್ಲೇ ಕಟಕಟ ಎಂದು ಒಳಗೊಳಗೆ ಹರಿದಿದ್ದ ನೂಲು ಗಾಳಿಗೆ ತಡೆಯಲಿಲ್ಲ, ಕೇಸು ಒಡೆಯಿತು. ಮುಂದಿನದನ್ನು ಬರೆಯಲಾರೆ. ಆ ಅರ್ಧ ಹಾಳೆಯ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಹಾಗೆಯೇ ಡಬ್ಬಿಗೆ ಹಾಕಿದೆ. ಪೀರಾಂಬಿಯ ಮುಖ ನೋಡುವ ಧೈರ್ಯವಿಲ್ಲದೆ ಊರಿಗೆ ಬರಲಿಲ್ಲ.

ವಿಚಾರಣೆ ಕೂತಿತ್ತು. ನಾನು ಎಲ್ಲ ಹೇಳಿದೆ ಅಕ್ಕ, ಏನೂ ಮುಚ್ಚಿಡಲಿಲ್ಲ. ನನ್ನ ಸಾಲು, ನಿನ್ನ ತಿದ್ದುಪಡಿ, ಎರಡನ್ನೂ ಹೇಳಿದೆ. ನಿಧಾನ ಎಂದದ್ದು ಹಗುರ ಎಂದು ಹೇಗಾಯಿತು ಎಂದರು. ಎದ್ದು ಕರಿಹಲಗೆಯ ಮೇಲೆ ಎರಡೂ ಶಬ್ದ ದೊಡ್ಡದಾಗಿ ಬರೆದೆ. ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ಎಲ್ಲರೂ ಬಹಳ ಹೊತ್ತು ನೋಡಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, 'ಎರಡೂ ಒಂದೇ ಶಬ್ದವಲ್ಲವೆ?' ಎಂದರು. ಸತ್ತ ಹುಡುಗನ ಹೆಸರು ಉಳಿಸಲು ನಾನು ಕಥೆ ಕಟ್ಟುತ್ತಿದ್ದೇನೆಂದು ಅವರಿಗೆ ಅನಿಸಿತು. ಮರುಕದಿಂದ ನೋಡಿ ಕೂರಿಸಿದರು. ಕೆಲಸಗಾರ ತಾನಾಗಿಯೇ ಒಂದು ಪದರ ಬಿಟ್ಟ ಎಂದು ಬರೆದು ಮುಗಿಸಿದರು. ಮನೆಯವರಿಗೂ ಹಾಗೆಯೇ ತಿಳಿಸುತ್ತಾರೆ.

ಇನ್ನೊಂದು ಮಾತು. ಇದನ್ನು ಬರೆಯಬಾರದೆಂದಿದ್ದೆ. ಆ ಕೇಸು ನೀರಿನ ಪರೀಕ್ಷೆಯಲ್ಲಿ ನಿಂತಿತ್ತಲ್ಲ, ಅದನ್ನು ಅವರು ಮರೆತಿಲ್ಲ. ಅಂಟು ಬದಲಿಸಿ ಅಷ್ಟೇ ಹಗುರದ ಇನ್ನೊಂದು ಮಾಡಬಹುದೇ ಎಂದು ಮೊನ್ನೆ ನನಗೇ ಕೇಳಿದರು. ಲೆಕ್ಕ ಹಾಕಲು ಹೇಳಿದ್ದಾರೆ. ಯಂತ್ರದ ಮೇಲೆ ಹೊಸ ಹುಡುಗ ಬಂದಿದ್ದಾನೆ.

ನಿನ್ನನ್ನು ದೂರುತ್ತಿಲ್ಲ. ತಿದ್ದಿದ್ದೇನೆಂದು ನೀನು ಬರೆದೇ ಇದ್ದೆ. ಓದಿಕೊಳ್ಳಬೇಕಾದವನು ನಾನು.

ಶರಣು

*

ಟಿಕೋಟಾ
5 ಫೆಬ್ರುವರಿ 1978

ಶರಣು,

ಪೀರಾಂಬಿ ಇವತ್ತು ಬಂದಿದ್ದಳು. ನವೆಂಬರಿನಿಂದ ಈ ಕಡೆ ಹಾದಿರಲಿಲ್ಲ. ಶಾಲೆ ಬಿಟ್ಟ ಮೇಲೆ, ಮೊದಲಿನ ಹೊತ್ತಿಗೇ ಬಂದು ಅದೇ ಜಾಗದಲ್ಲಿ ಕೂತಳು. ಸೆರಗಿನ ಗಂಟು ಬಿಚ್ಚಿ ನಿಮ್ಮ ಕೇಂದ್ರದ ಕಾಗದ ಕೊಟ್ಟಳು.

"ಓದ್ರಿ ಅಕ್ಕೋರ. ಬರದದ್ದು ಬರದಂಗ ಓದ್ರಿ."

ನನಗೆ ಬರುವ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಬಿಡಿಸಿ ಹೇಳಿದೆ.

"ಯಾರೂ ಹೇಳಲಾರದ ತಾನ ಮಾಡ್ಯಾನ ಅಂತ ಬರದಾರೇನು?"

"ಹೌದು ಬೇ."

"ಸುಳ್ಳದು. ನನ್ನ ಮಗ ಯಾರೂ ಹೇಳಲಾರದ ಗೋಡಿಗೆ ಒಂದ್ ಮೊಳಿ ಹೊಡದಾಂವಲ್ಲ."

ನಾನು ಅವಳ ಮುಂದೆ ನೆಲಕ್ಕೆ ಕೂತು ಎಲ್ಲ ಹೇಳಿದೆ. ನೀನು ಹೇಳಿದ್ದು, ನಾನು ತಿದ್ದಿದ್ದು, ತಾರಿನ ಫಾರ್ಮು ಹಿಡಿದು ವಾಪಸ್ ಬಂದದ್ದು. ಅತ್ತೆ. ಅವಳು ಅಳಲಿಲ್ಲ. ಅಥಣಿಯ ಬಸ್ಸು ಬಂತು, ಹೋಯಿತು. ಆಮೇಲೆ ಕೇಳಿದಳು: "ನಾ ವಾರಾ ವಾರಾ ಹೇಳತಿದ್ದೆ ಅಲ್ರಿ, ಹಗೂರ ಅಂತ. ಅದನ್ನೂ ಹಿಂಗ ಬರದ್ರೇನು?"

"ಇಲ್ಲ ಬೇ. ನಿಂದೆಲ್ಲಾ ನಿಧಾನ ಅಂತ ಬರದೇನಿ."

"ಹಂಗಾದ್ರ ಹಗೂರ ಅನ್ನೂದು ಅವಗ ಒಮ್ಮಿನೂ ಮುಟ್ಟಿಲ್ಲ."

ಅದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ ಶರಣು. ಒಂದೇ ಒಂದು ಪತ್ರದಲ್ಲಿ ಅವಳ ಮಾತನ್ನು ಅವಳಾಡಿದಂತೆ ಬರೆದಿದ್ದರೂ, ಅಕ್ಕೋರು ಆ ಶಬ್ದವನ್ನೂ ಬರೆಯುತ್ತಾರೆಂದು ಹುಡುಗನಿಗೆ ಗೊತ್ತಿರುತ್ತಿತ್ತು. ಅವನು ಎರಡು ದಿನ ಕೂತು ವಿಚಾರ ಮಾಡಿದ್ದಾನೆ. ನಿಧಾನ ಎಂದಿದ್ದರೆ ಅಕ್ಕೋರು ನಿಧಾನ ಎಂದೇ ಬರೆಯುತ್ತಿದ್ದರು ಎಂದುಕೊಂಡಿದ್ದಾನೆ.

ಪೀರಾಂಬಿ ತೋರಿಸೆಂದಳು. ಮಗುವೊಂದು ಬಿಟ್ಟುಹೋದ ಪಾಟಿಯ ಮೇಲೆ ಎರಡನ್ನೂ ಬರೆದೆ, ಒಂದರ ಕೆಳಗೊಂದು. "ಇದು ತಮ್ಮ ಹೇಳಿದ್ದು, ಇದು ನಾ ಬರದದ್ದು" ಎಂದೆ. ಒಂದು ಅಕ್ಷರವೂ ಬಾರದವಳು ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿನದರ ಮೇಲೆ ಬೆರಳಾಡಿಸಿದಳು, ಕೆಳಗಿನದರ ಮೇಲೆ ಆಡಿಸಿದಳು. ಮತ್ತೆ ಮೇಲಕ್ಕೆ ಬಂದು ಗಕಾರದ ಬಾಲದ ಮೇಲೆ ಬೆರಳು ನಿಲ್ಲಿಸಿದಳು. ಬೆರಳು ತಾಗಿ ಅದು ಅಳಿಸಿಹೋಯಿತು. ಪಾಟಿಯ ಮೇಲೆ ಎರಡೂ ಒಂದೇ ಆದವು.

ಬೆರಳ ತುದಿಗೆ ಹತ್ತಿದ ಬಿಳಿ ಪುಡಿಯನ್ನು ನನ್ನ ಮುಂದೆ ಹಿಡಿದು ಕೇಳಿದಳು:

"ಇಷ್ಟ ಏನ್ರಿ ಅಕ್ಕೋರ?"

ಅದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಬರೆ. ಹೇಗೆ ಬರುತ್ತದೋ ಹಾಗೆ ಬರೆ, ಅವಳಿಗೆ ಓದಿ ಹೇಳುತ್ತೇನೆ. ನಾನು ತಿದ್ದುವುದಿಲ್ಲ.

ಅಕ್ಕ